ಹೊಗೆಯ ಜಿಡ್ಡು, ಧೂಳಿನಿಂದ ಲ್ಯಾಪ್‌ಟಾಪ್ ಬಿಸಿಯಾಗುತ್ತಿದೆ: ತಿಳಿದವರು ಹೇಳಿ

ಪ್ರಶ್ನೆ: ಸಿಗರೇಟು ಸೇದುವ ಕೋಣೆಯಲ್ಲಿರುವ ಲ್ಯಾಪ್‌ಟಾಪ್. ವಿಡಿಯೊ ಎಡಿಟಿಂಗ್ ಶುರುವಾದರೆ 97 ಡಿಗ್ರಿಗೆ ಏರಿ ನಿಧಾನವಾಗುತ್ತದೆ. ಹೊರಗಿನಿಂದ ಗಾಳಿ ಊದಿದರೂ ಪ್ರಯೋಜನವಿಲ್ಲ. ಏನು ಮಾಡಬೇಕು, ಮತ್ತೆ ಹೀಗಾಗದಂತೆ ತಡೆಯುವುದು ಹೇಗೆ?

ಉತ್ತರ 1
ಊದಿದರೆ ಹೋಗುವಂಥದ್ದಲ್ಲ ಇದು. ಹೊಗೆಯ ಟಾರ್ (ಜಿಡ್ಡು) ಹೀಟ್‌ಸಿಂಕ್‌ನ, ಅಂದರೆ ಚಿಪ್‌ನ ಶಾಖ ಹೊರಹಾಕುವ ಲೋಹದ ಭಾಗದ, ತೆಳು ಪಟ್ಟಿಗಳ ಮೇಲೆ ಅಂಟಾಗಿ ಕೂರುತ್ತದೆ, ಧೂಳು ಅದಕ್ಕೆ ಹಿಡಿದುಕೊಂಡು ಫ್ಯಾನ್‌ಗೂ ಪಟ್ಟಿಗಳಿಗೂ ನಡುವೆ ಕಂಬಳಿಯ ತುಂಡಿನ ಹಾಗೆ ಪದರ ಕಟ್ಟುತ್ತದೆ. ಹೊರಗಿನಿಂದ ಊದಿದರೆ ಅದು ಇನ್ನೂ ಒಳಕ್ಕೆ, ಫ್ಯಾನ್ ಕಡೆಗೇ ಸರಿಯುತ್ತದೆ. ಕೆಳಗಿನ ಕವರ್ ಬಿಚ್ಚಲೇಬೇಕು.

ಪೂರ್ತಿ ಶಟ್‌ಡೌನ್ ಮಾಡಿ ಚಾರ್ಜರ್ ತೆಗೆಯಿರಿ. ಸ್ಕ್ರೂಗಳ ಉದ್ದ ಬೇರೆ ಬೇರೆ ಇರಬಹುದು. ಕಾಗದದ ಮೇಲೆ ಕವರ್‌ನ ಚಿತ್ರ ಬರೆದು ಆಯಾ ಜಾಗದಲ್ಲೇ ಇಡಿ. ಉದ್ದದ್ದನ್ನು ಗಿಡ್ಡದರ ಜಾಗಕ್ಕೆ ಹಾಕಿದರೆ ಮೇಲಿನ ಕವರ್‌ಗೋ ಬೋರ್ಡ್‌ಗೋ ಪೆಟ್ಟು. ಕವರ್ ತೆರೆದ ಕೂಡಲೇ ಬ್ಯಾಟರಿ ಕನೆಕ್ಟರ್ ಕಳಚಿ, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಲೋಹದ ಉಪಕರಣದಿಂದ ಕನೆಕ್ಟರ್ ಮೀಟಬೇಡಿ.

ಮೊದಲು ಪದರವನ್ನು ಚಿಮಟದಿಂದ ಎತ್ತಿ ತೆಗೆಯಿರಿ. ಗಾಳಿ ಊದುವಾಗ ಫ್ಯಾನ್ ಎಲೆಗಳನ್ನು ಬೆರಳಿನಿಂದ ಹಿಡಿದಿರಬೇಕು, ಇಲ್ಲದಿದ್ದರೆ ಮಿತಿಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಒತ್ತಡದ ಗಾಳಿ ಊದುವ ಕ್ಯಾನ್ ನೆಟ್ಟಗಿರಲಿ. ವಾಲಿಸಿದರೆ ದ್ರವ ಚಿಮ್ಮುತ್ತದೆ. ಮನೆಯ ವ್ಯಾಕ್ಯೂಮ್ ಕ್ಲೀನರ್ ಬೇಡ, ಸ್ಥಿರ ವಿದ್ಯುತ್ತಿನ ಅಪಾಯವಿದೆ.

ಉಳಿದ ಹಳದಿ ಅಂಟಿಗೆ ಕನಿಷ್ಠ 90% ಐಸೊಪ್ರೊಪೈಲ್ ಆಲ್ಕೋಹಾಲ್. 70% ಬಾಟಲಿಯಲ್ಲಿ ನೀರು ಹೆಚ್ಚು, ಒಣಗಲು ತಡ. ಬೋರ್ಡ್ ಮೇಲೆ ಸುರಿಯಬೇಡಿ. ಮೆತ್ತನೆ ಬ್ರಷ್ ಒದ್ದೆ ಮಾಡಿ ಪಟ್ಟಿಗಳ ಉದ್ದಕ್ಕೇ ಉಜ್ಜಿ, ಅಡ್ಡ ಉಜ್ಜಿದರೆ ಬಾಗುತ್ತವೆ. ಫ್ಯಾನ್ ಎಲೆಗಳನ್ನು ಹತ್ತಿಕಡ್ಡಿಯಿಂದ ಒಂದೊಂದಾಗಿ ಒರೆಸಿ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ. ಪೂರ್ತಿ ಒಣಗಿದ ಮೇಲೆಯೇ ಬ್ಯಾಟರಿ ಜೋಡಿಸಿ.

ಉತ್ತರ 2
ಮೇಲಿನವರು ಹೇಳಿದ್ದು ಸರಿ. ಹೀಟ್‌ಸಿಂಕ್ ಎತ್ತುವುದಾದರೆ ಮಾತ್ರ ಇನ್ನಷ್ಟು ಎಚ್ಚರ ಬೇಕು. ಸ್ಕ್ರೂಗಳ ಪಕ್ಕ ಅಂಕಿ ಅಚ್ಚಾಗಿದ್ದರೆ ಬಿಚ್ಚುವುದು ಕೊನೆಯ ಅಂಕಿಯಿಂದ ಹಿಂದಕ್ಕೆ, ಬಿಗಿಯುವುದು ಅಂಕಿಯ ಕ್ರಮದಲ್ಲೇ, ಎಲ್ಲವನ್ನೂ ಸ್ವಲ್ಪ ಸ್ವಲ್ಪವೇ. ಒಂದು ಮೂಲೆಯನ್ನೇ ಪೂರ್ತಿ ಬಿಗಿದರೆ ಚಿಪ್ ಅಂಚು ಬಿರಿಯಬಹುದು. ಒಮ್ಮೆ ಎತ್ತಿದ ಮೇಲೆ ಚಿಪ್‌ಗೂ ಹೀಟ್‌ಸಿಂಕ್‌ಗೂ ನಡುವೆ ಶಾಖ ದಾಟಿಸುವ ಹಳೇ ಪೇಸ್ಟ್ ಮತ್ತೆ ಕೆಲಸಕ್ಕೆ ಬಾರದು. ಒರೆಸಿ, ಹೊಸದನ್ನು ಚಿಪ್ ಪೂರ್ತಿ ಮುಚ್ಚುವಂತೆ ತೆಳುವಾಗಿ ಹರಡಿ. ಥರ್ಮಲ್ ಪ್ಯಾಡ್‌ಗಳಿಗೆ (ಶಾಖ ದಾಟಿಸುವ ಮೆತ್ತನೆ ಪಟ್ಟಿಗಳು) ಆಲ್ಕೋಹಾಲ್ ತಾಗಿಸಬೇಡಿ. ಹರಿದರೆ ಅಷ್ಟೇ ದಪ್ಪದ್ದನ್ನೇ ಹಾಕಿ: 1 ಮಿ.ಮೀ. ಜಾಗಕ್ಕೆ 1.5 ಹಾಕಿದರೆ ಹೀಟ್‌ಸಿಂಕ್ ಮೇಲೆದ್ದು ಪ್ರೊಸೆಸರ್‌ಗೆ ಸರಿಯಾಗಿ ತಾಗದೆ ಶಾಖ ಮೊದಲಿಗಿಂತ ಹೆಚ್ಚಬಹುದು. ಕೆಲವು ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಪೇಸ್ಟ್ ಬದಲು ದ್ರವಲೋಹ ಇರುತ್ತದೆ. ಅದು ಬೋರ್ಡ್ ಮೇಲೆ ಹರಿದರೆ ಶಾರ್ಟ್ ಆಗುತ್ತದೆ, ಅಂಥವನ್ನು ನೀವೇ ಎತ್ತಬೇಡಿ.

ಉತ್ತರ 3
ಸ್ವಚ್ಛ ಮಾಡಿದ ಮೇಲೂ ಫ್ಯಾನ್ ಗರಗರ ಎಂದರೆ, ಬೆರಳಲ್ಲಿ ತಿರುಗಿಸಿದಾಗ ತಟ್ಟನೆ ನಿಂತರೆ, ಟಾರ್ ಬೇರಿಂಗ್‌ಗೂ ಇಳಿದಿರಬಹುದು. ಎಣ್ಣೆ ಬಿಟ್ಟರೆ ತಾತ್ಕಾಲಿಕವಷ್ಟೇ, ಧೂಳು ಇನ್ನೂ ಹಿಡಿಯುತ್ತದೆ. ಫ್ಯಾನ್ ಮೇಲಿನ ಪಾರ್ಟ್ ನಂಬರ್ ನೋಡಿ ಹೊಸದನ್ನೇ ತರಿಸಿ. ಎರಡು ಫ್ಯಾನ್ ಇದ್ದರೆ ಎಡ, ಬಲ ಬೇರೆ ಬೇರೆ.

ಅಲ್ಲಿಯವರೆಗೆ ವಿಂಡೋಸ್ ಪವರ್ ಸೆಟ್ಟಿಂಗ್‌ನಲ್ಲಿ ಪ್ರೊಸೆಸರ್‌ನ ಗರಿಷ್ಠ ಮಟ್ಟ 99% ಮಾಡಿ. ಸಾಮಾನ್ಯವಾಗಿ ಟರ್ಬೊ (ಪ್ರೊಸೆಸರ್ ತಾನೇ ಏರಿಸಿಕೊಳ್ಳುವ ಹೆಚ್ಚುವರಿ ವೇಗ) ನಿಂತು ಶಾಖ ಇಳಿಯುತ್ತದೆ. ವೇಗವೂ ಇಳಿಯುತ್ತದೆ, ಇದು ಚಿಕಿತ್ಸೆಯಲ್ಲ.

ಉತ್ತರ 4
ತಡೆಯುವ ವಿಚಾರಕ್ಕೆ: ಲ್ಯಾಪ್‌ಟಾಪ್‌ನ ಗಾಳಿ ದ್ವಾರಕ್ಕೆ ಬಟ್ಟೆ, ಜಾಲರಿ ಕಟ್ಟುವ ಸಲಹೆ ಬಹಳ ಜನ ಕೊಡುತ್ತಾರೆ, ದಯವಿಟ್ಟು ಕಟ್ಟಬೇಡಿ. ಹೊಗೆಯ ಕಣಗಳಲ್ಲಿ ಹೆಚ್ಚಿನವು 1 ಮೈಕ್ರಾನ್‌ಗಿಂತ ಚಿಕ್ಕವು, ಅವು ಹೇಗಿದ್ದರೂ ನುಸುಳುತ್ತವೆ. ಗಾಳಿಯ ಹರಿವು ಮಾತ್ರ ಕಟ್ಟುತ್ತದೆ. ಸೇದುವುದು ಕೋಣೆಯ ಹೊರಗೆ ಆಗಬೇಕು, ಇದಕ್ಕೆ ಸಮನಾದ ಉಪಾಯ ಬೇರೆ ಇಲ್ಲ. ಅದು ಆಗದಿದ್ದರೆ ಹೆಪಾ ಫಿಲ್ಟರ್ (ಅತಿ ಸಣ್ಣ ಕಣಗಳನ್ನೂ ಹಿಡಿಯುವ ಫಿಲ್ಟರ್) ಇರುವ ಏರ್ ಪ್ಯೂರಿಫೈಯರ್ ಇಟ್ಟು, ಹೊಗೆ ಇರುವಷ್ಟು ಹೊತ್ತು ಲ್ಯಾಪ್‌ಟಾಪ್ ಆಫ್ ಮಾಡಿಡಿ. ಫ್ಯಾನ್ ತಿರುಗದಿದ್ದರೆ ಒಳಗೆ ಎಳೆದುಕೊಳ್ಳುವುದು ಬಹಳ ಕಡಿಮೆ. ಹಾಸಿಗೆ ಮೇಲೆ ಇಡಬೇಡಿ, ಹಿಂಭಾಗ ಎರಡು ಮೂರು ಸೆಂ.ಮೀ. ಎತ್ತರಿಸಿ.

ಮತ್ತೆ ಯಾವಾಗ ಬಿಚ್ಚಬೇಕು ಎನ್ನುವುದಕ್ಕೆ ಕ್ಯಾಲೆಂಡರ್ ನೋಡಬೇಡಿ. ಸ್ವಚ್ಛ ಮಾಡಿದ ದಿನವೇ ಸುಮಾರು 15 ನಿಮಿಷ ಹಿಡಿಯುವ ಒಂದು ವಿಡಿಯೊವನ್ನು ಪೂರ್ತಿ ಎಕ್ಸ್‌ಪೋರ್ಟ್‌ ಮಾಡಿ ಡಿಗ್ರಿ, ಫ್ಯಾನ್ ವೇಗ, ಹಿಡಿದ ಸಮಯ, ಕೋಣೆಯ ಉಷ್ಣತೆ ಬರೆದಿಡಿ. ತಿಂಗಳಿಗೊಮ್ಮೆ ಅದನ್ನೇ ಮಾಡಿ. ಕೋಣೆ ಅಷ್ಟೇ ಬೆಚ್ಚಗಿದ್ದೂ ಎಂಟು ಹತ್ತು ಡಿಗ್ರಿ ಏರಿದ್ದರೆ ಬಿಚ್ಚಿ. ಚಿಪ್ ತನ್ನ ಶಾಖದ ಮಿತಿ ಮುಟ್ಟಿದ್ದರೆ ಡಿಗ್ರಿ ಅಲ್ಲೇ ನಿಲ್ಲುತ್ತದೆ, ಆಗ ಎಕ್ಸ್‌ಪೋರ್ಟ್‌ಗೆ ಹಿಡಿದ ಸಮಯ ಹೋಲಿಸಿ ನೋಡಿ.