ಹಳೇ ಜೀಪಿಗೆ ಸ್ಟೇರಿಂಗ್ ಸ್ಟೆಬಿಲೈಜರ್ ಹಾಕಿಸಬಹುದಾ?

ವಾನಳ್ಳಿ ಜೀಪು:

ನಮಸ್ಕಾರ. ಶಿರಸಿಯಿಂದ ಹುಲೇಕಲ್ ದಾಟಿ ವಾನಳ್ಳಿ ಕಡೆ ನಮ್ಮ ತೋಟ. ಗಾಡಿ ಮಹೀಂದ್ರ ಎಂಎಂ 540, ಪವರ್ ಸ್ಟೇರಿಂಗ್ ಇಲ್ಲ. ನನಗೆ ಮಾರಿದವರು ಮೂಲದ 6.00-16 ಟೈರ್ ತೆಗೆದು, 15 ಇಂಚು ವ್ಯಾಸದ, ಅಗಲವಾದ ರಿಮ್ಮಿಗೆ 235/75 ಟೈರ್ ಹಾಕಿಸಿದ್ದರು. ನೋಡೋಕೆ ಗಾಡಿ ಭರ್ಜರಿ. ಓಡಿಸೋಕೆ ಕೂತರೆ ಎರಡು ತೊಂದರೆ.

ಡಾಂಬರು ರಸ್ತೆಯಲ್ಲಿ 50ರ ಹತ್ತಿರ ಹೋಗುವಾಗ ಒಂದು ಗುಂಡಿಗೋ ಸೇತುವೆಯ ಜಾಯಿಂಟಿಗೋ ಚಕ್ರ ಬಿದ್ದರೆ ಸಾಕು, ಸ್ಟೇರಿಂಗ್ ಎಡಕ್ಕೂ ಬಲಕ್ಕೂ ಗಡಗಡ ಹೊಡೆದುಕೊಳ್ಳುತ್ತದೆ. ಇಡೀ ಮುಂಭಾಗ ಕುಣಿಯುತ್ತದೆ. 25ಕ್ಕೆ ಇಳಿಸುವವರೆಗೆ ನಿಲ್ಲುವುದಿಲ್ಲ. ಎದುರಿಗೆ ಬಸ್ಸು ಇದ್ದರೆ ದೇವರೇ ಗತಿ.

ಎರಡನೆಯದು ತೋಟದ ದಾರಿ. ಮಳೆಗಾಲದಲ್ಲಿ ಮಣ್ಣು ಕೊಚ್ಚಿ ಹೋಗಿ ಕಲ್ಲು ಎದ್ದಿವೆ. ಮೈಲುತುತ್ತ, ಸುಣ್ಣ, ಡ್ರಮ್ಮು ಹೇರಿಕೊಂಡು ಇಳಿಯುವಾಗ ಚಕ್ರ ಕಲ್ಲಿಗೆ ತಾಗಿದ ಕೂಡಲೇ ಸ್ಟೇರಿಂಗ್ ಕೈಯಿಂದ ಕಿತ್ತುಕೊಂಡು ತಿರುಗುತ್ತದೆ. ಹೆಬ್ಬೆರಳು ಉಳಿದದ್ದೇ ಪುಣ್ಯ.

ಪೇಟೆಯಲ್ಲಿ ಒಬ್ಬ ಮೆಕ್ಯಾನಿಕ್ ಸ್ಟೆಬಿಲೈಜರ್ (ಸ್ಟೇರಿಂಗಿಗೆ ಬರುವ ಪೆಟ್ಟು ತಗ್ಗಿಸಲು ಅಡ್ಡ ಹಾಕುವ ಡ್ಯಾಂಪರ್) ಹಾಕಿದರೆ ಎರಡೂ ಹೋಗುತ್ತದೆ ಅಂದ. ಇನ್ನೊಬ್ಬ, ಅದೆಲ್ಲ ಯಾಕೆ ದುಡ್ಡು ದಂಡ, ವ್ಯಾನಿನ ಹಳೇ ಶಾಕ್ ಅಬ್ಸಾರ್ಬರ್ ಅಡ್ಡ ಹಾಕಿ ವೆಲ್ಡ್ ಮಾಡಿಕೊಡ್ತೇನೆ ಅಂದ. ಯಾರ ಮಾತು ಕೇಳಲಿ? ಹಾಕಿದರೆ ದೇವಿಮನೆ ಘಟ್ಟದ ತಿರುವುಗಳಲ್ಲಿ ಸ್ಟೇರಿಂಗ್ ಇನ್ನೂ ಗಟ್ಟಿ ಆಗುತ್ತದಾ? ಈಗಲೇ ತೋಳು ಸೋಲುತ್ತದೆ.

ಕುಮಟಾ ಕಡಲು:

ದೊಡ್ಡ ಉತ್ತರ ಕೊಡುವವರು ಬರುತ್ತಾರೆ. ಅಷ್ಟರಲ್ಲಿ ಒಂದು ಕೆಲಸ ಮಾಡಿ. ಮುಂದಿನ ಎರಡೂ ಚಕ್ರ ಬಿಚ್ಚಿ ರಿಮ್ಮಿನ ಒಳಬದಿ ನೋಡಿ. ತೋಟದ ಕೆಂಪು ಮಣ್ಣು ಅಲ್ಲಿ ಒಂದೇ ಕಡೆ ಒಣಗಿ ಕೂತಿದ್ದರೆ ಬ್ಯಾಲೆನ್ಸ್ ಎಲ್ಲಿಂದ ಇರುತ್ತದೆ? ಕೆರೆದು, ತೊಳೆದು, ಆಮೇಲೆ ಬ್ಯಾಲೆನ್ಸಿಂಗ್ ಮಾಡಿಸಿ. ಮಣ್ಣಿರುವ ಚಕ್ರವನ್ನೇ ಮಷಿನ್ನಿಗೆ ಹಾಕಿ ಸೀಸದ ತೂಕ ಹೊಡೆಸಿಕೊಂಡು ಬಂದವರನ್ನೂ ನೋಡಿದ್ದೇನೆ. ಮಣ್ಣು ಉದುರಿದ ದಿನ ಮತ್ತೆ ಶುರು.

ಹೆಬ್ಬೆರಳು ಸ್ಟೇರಿಂಗಿನ ಒಳಗೆ ಸುತ್ತಬೇಡಿ. ಮೇಲೆ ಇಟ್ಟುಕೊಂಡು ಓಡಿಸಿ.

ಯಲ್ಲಾಪುರ ಪಾಟಾ:

ಸ್ವಲ್ಪ ಉದ್ದ ಬರೆಯುತ್ತೇನೆ. ಈ ಪ್ರಶ್ನೆ ಮಳೆಗಾಲ ಮುಗಿದ ಮೇಲೆ ಪ್ರತಿ ವರ್ಷ ಬರುತ್ತದೆ, ಪ್ರತಿ ವರ್ಷವೂ ಯಾರೋ ಒಬ್ಬರು ಮೊದಲು ಸ್ಟೆಬಿಲೈಜರ್ ಕೊಂಡು ಆಮೇಲೆ ಕೇಳುತ್ತಾರೆ. ನೀವು ಕೊಳ್ಳುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು.

ನಿಮ್ಮ ಎರಡು ತೊಂದರೆ ಬೇರೆ ಬೇರೆ. ಕಲ್ಲಿಗೆ ತಾಗಿದಾಗ ಸ್ಟೇರಿಂಗ್ ತಿರುಗುವುದು ಅಗಲ ಟೈರಿನ ಗುಣ. ಲೆಕ್ಕ ನೋಡಿ. 6.00-16ಕ್ಕೂ 235/75 ಆರ್ 15ಕ್ಕೂ ಎತ್ತರ ಹೆಚ್ಚುಕಡಿಮೆ ಒಂದೇ, ಸುಮಾರು 73 ಸೆಂಟಿಮೀಟರ್. ಆದರೆ ಅಗಲ 6 ಇಂಚಿನಿಂದ 235 ಮಿಲಿಮೀಟರಿಗೆ ಹೋಯಿತು, ಅಂದರೆ ಒಂದೂವರೆ ಪಟ್ಟು. ಅಗಲ ರಿಮ್ಮು ಟೈರನ್ನು ಹೊರಕ್ಕೂ ತಳ್ಳಿರುತ್ತದೆ. ಚಕ್ರ ಎಡಬಲ ತಿರುಗುವ ಕೀಲು, ಅಂದರೆ ಕಿಂಗ್ ಪಿನ್ನಿನಿಂದ ಟೈರಿನ ನಡು ಎಷ್ಟು ಹೊರಗೆ ಹೋಗುತ್ತದೋ, ಕಲ್ಲು ಕೊಡುವ ಪೆಟ್ಟಿಗೆ ಅಷ್ಟು ಉದ್ದದ ಸನ್ನೆಕೋಲು ಸಿಕ್ಕ ಹಾಗೆ. ಈ ಪೆಟ್ಟು ತಗ್ಗಿಸುವುದೇ ಸ್ಟೆಬಿಲೈಜರಿನ ಕೆಲಸ. ಇದಕ್ಕೆ ಧಾರಾಳ ಹಾಕಿಸಿ.

50ರಲ್ಲಿ ಕುಣಿಯುವುದು ಹಾಗಲ್ಲ. ಅಲ್ಲಿ ಏನೋ ಸವೆದಿದೆ, ಇಲ್ಲವೇ ಏನೋ ಸಡಿಲ ಇದೆ. ಸ್ಟೆಬಿಲೈಜರ್ ಹಾಕಿದರೆ ಒಂದಷ್ಟು ತಿಂಗಳು ನಿಲ್ಲುತ್ತದೆ, ನಿಜ. ಆದರೆ ಒಳಗೆ ಸವೆತ ನಡೆದೇ ಇರುತ್ತದೆ. ನಿಮಗೆ ಗೊತ್ತಾಗುವುದಿಲ್ಲ ಅಷ್ಟೇ. ಕೊನೆಗೆ ಆ ಡ್ಯಾಂಪರಿನ ಬುಷ್ಷೂ ಹರಿದು, ಮೊದಲಿಗಿಂತ ಜೋರಾಗಿ ಕುಣಿಯುತ್ತದೆ. ಅದೂ ಘಟ್ಟದಲ್ಲಿ.

ಆದ್ದರಿಂದ ಮೊದಲು ಹುಡುಕಿ. ಗಾಡಿ ನೆಲದ ಮೇಲೇ ಇರಲಿ, ಎಂಜಿನ್ ಬಂದ್. ಒಬ್ಬರು ಒಳಗೆ ಕೂತು ಸ್ಟೇರಿಂಗನ್ನು ಸುಮ್ನೆ ಎಡಬಲ ಸ್ವಲ್ಪ ಸ್ವಲ್ಪ ಆಡಿಸುತ್ತಿರಲಿ. ನೀವು ಕೆಳಗೆ ಮಲಗಿ ಒಂದೊಂದೇ ಜಾಯಿಂಟಿನ ಮೇಲೆ ಅಂಗೈ ಇಡಿ. ಡ್ರಾಪ್ ಆರ್ಮಿನಿಂದ (ಸ್ಟೇರಿಂಗ್ ಬಾಕ್ಸಿನಿಂದ ಇಳಿಯುವ ತೋಳು) ಶುರು ಮಾಡಿ ಚಕ್ರದವರೆಗೆ. ಒಂದು ಕಡೆ ಚಲನೆ ಬಂದು ಇನ್ನೊಂದು ಕಡೆ ಬರುವುದು ತಡವಾದರೆ ಆ ಜಾಯಿಂಟೇ ಕಳ್ಳ. ಕಣ್ಣಿಗೆ ಕಾಣದ್ದು ಕೈಗೆ ತಿಳಿಯುತ್ತದೆ.

ನಿಮ್ಮದು ಬೆಲ್ ಕ್ರ್ಯಾಂಕ್ ಇರುವ ಲಿಂಕೇಜ್ ಆದರೆ ಅಲ್ಲೇ ಮೊದಲು ನೋಡಿ. ಆಕ್ಸಲಿನ ನಡುವೆ ಒಂದು ಪಿನ್ನಿನ ಮೇಲೆ ತಿರುಗುವ ತುಂಡು. ಡ್ರ್ಯಾಗ್ ಲಿಂಕ್ (ಡ್ರಾಪ್ ಆರ್ಮಿನಿಂದ ಬರುವ ಸರಳು) ತಂದ ಚಲನೆಯನ್ನು ಎರಡು ಟೈ ರಾಡಿಗೆ (ಚಕ್ರ ತಿರುಗಿಸುವ ಸರಳು) ಹಂಚುವುದು ಅದೇ. ನೀರು, ಮಣ್ಣು ಎಲ್ಲ ಅದಕ್ಕೇ ಬಡಿಯುತ್ತದೆ, ಗ್ರೀಸ್ ಹೊಡೆಯುವುದನ್ನು ಮಾತ್ರ ಎಲ್ಲರೂ ಮರೆಯುತ್ತಾರೆ. ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಲಟಕ್ ಅಂದರೆ ಪಿನ್ನು, ಬೇರಿಂಗ್ ಬದಲಿಸಲೇಬೇಕು.

ಆಮೇಲೆ ಜಾಕ್ ಹಾಕಿ ಚಕ್ರ ಎತ್ತಿ, ಆಕ್ಸಲಿನ ಅಡಿಗೆ ಸ್ಟ್ಯಾಂಡ್ ಕೊಡಿ. ಟೈರನ್ನು ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿ. ಆಟ ಇದೆಯಾ? ಈಗ ಇನ್ನೊಬ್ಬರು ಬ್ರೇಕ್ ಒತ್ತಿ ಹಿಡಿಯಲಿ, ಮತ್ತೆ ಅಲ್ಲಾಡಿಸಿ. ಬ್ರೇಕ್ ಒತ್ತಿದಾಗ ಆಟ ಹೋದರೆ ಅದು ಚಕ್ರದ ಬೇರಿಂಗ್. ಹೋಗದಿದ್ದರೆ ಕಿಂಗ್ ಪಿನ್. ಕಿಂಗ್ ಪಿನ್ ಬೇರಿಂಗಿಗೆ ಶಿಮ್ (ತೆಳು ತಗಡು) ತೆಗೆದು ಬಿಗಿ ತರುವ ವ್ಯವಸ್ಥೆ ಇದೆ. ಆದರೆ ಬೇರಿಂಗಿನಲ್ಲಿ ಗುಳಿ ಬಿದ್ದಿದ್ದರೆ ಶಿಮ್ ತೆಗೆದು ಪ್ರಯೋಜನ ಇಲ್ಲ, ಹೊಸದೇ ಹಾಕಬೇಕು. ಟೈ ರಾಡ್ ಬಿಚ್ಚಿ ಚಕ್ರದ ಜೋಡಣೆಯನ್ನು ಕೈಯಲ್ಲಿ ತಿರುಗಿಸಿದಾಗ ಸ್ವಲ್ಪ ಬಿಗಿ, ಆದರೆ ಒಂದೇ ಸಮನಾಗಿ ತಿರುಗಬೇಕು. ನೇರ ಇರುವ ಜಾಗದಲ್ಲಿ ಕಚ್ಚಿ ಹಿಡಿದ ಹಾಗೆ ಆದರೆ ಗುಳಿ ಬಿದ್ದಿದೆ ಅಂತಲೇ ಅರ್ಥ.

ಇನ್ನೊಂದು. ಮಾರಿದವರು ಎತ್ತರಕ್ಕೆ ಅಂತ ಉದ್ದ ಶ್ಯಾಕಲ್ (ಪಾಟಾ ಅಂದರೆ ಲೀಫ್ ಸ್ಪ್ರಿಂಗನ್ನು ಚಾಸಿಗೆ ಸೇರಿಸುವ ಕೊಂಡಿ) ಹಾಕಿಸಿದ್ದಾರಾ ನೋಡಿ. ಪಾಟಾದ ಮುಂದಿನ ತುದಿಯಲ್ಲಿ ಶ್ಯಾಕಲ್ ಇರುವ ಜೀಪಿಗೆ ಉದ್ದದ್ದು ಹಾಕಿದರೆ ಆಕ್ಸಲ್ ಮುಂದಕ್ಕೆ ಮಗುಚಿ ಕ್ಯಾಸ್ಟರ್ (ಕಿಂಗ್ ಪಿನ್ ಹಿಂದಕ್ಕೆ ವಾಲಿರುವ ಕೋನ) ಕಡಿಮೆ ಆಗುತ್ತದೆ. ಆಗ ಗಾಡಿ ನೇರ ಹೋಗುವುದಿಲ್ಲ, ತಿರುಗಿಸಿದ ಸ್ಟೇರಿಂಗ್ ತಾನಾಗಿ ವಾಪಸ್ ಬರುವುದೂ ಇಲ್ಲ. ಪಾಟಾಕ್ಕೂ ಆಕ್ಸಲಿಗೂ ನಡುವೆ ಡಿಗ್ರಿ ವೆಜ್ (ಓರೆ ತುಂಡು) ಕೊಟ್ಟು ಸರಿ ಮಾಡುತ್ತಾರೆ. ಇಲ್ಲವೇ ಹಳೇ ಶ್ಯಾಕಲ್ಲೇ ವಾಪಸ್ ಹಾಕಿ, ಖರ್ಚೂ ಇಲ್ಲ.

ವ್ಯಾನಿನ ಶಾಕ್ ಅಬ್ಸಾರ್ಬರ್ ವಿಷಯ: ಬೇಡ. ಸಸ್ಪೆನ್ಷನ್ನಿನ ಶಾಕ್ ಎಳೆಯುವಾಗ ಜಾಸ್ತಿ ಬಿಗಿ, ಒತ್ತುವಾಗ ಕಡಿಮೆ. ಅದನ್ನು ಅಡ್ಡ ಹಾಕಿದರೆ ನಿಮ್ಮ ಸ್ಟೇರಿಂಗ್ ಒಂದು ಕಡೆ ಹಗುರ, ಒಂದು ಕಡೆ ಭಾರ. ಎರಡು ಟ್ಯೂಬಿನ ಸಾಮಾನ್ಯ ಶಾಕನ್ನು ಮಲಗಿಸಿದರೆ ಎಣ್ಣೆಯ ಜಾಗಕ್ಕೆ ಗಾಳಿಯೂ ನುಗ್ಗುತ್ತದೆ. ಸ್ಟೇರಿಂಗಿಗೆ ಅಂತಲೇ ಮಾಡಿದ್ದು ಎರಡೂ ಕಡೆ ಸಮ ಬಿಗಿ ಇರುತ್ತದೆ, ಮಲಗಿದ್ದರೂ ಕೆಲಸ ಮಾಡುತ್ತದೆ.

ವಾನಳ್ಳಿ ಜೀಪು:

ಪಾಟಾ ಅವರೇ, ನೀವು ಹೇಳಿದ ಹಾಗೆ ತಮ್ಮನನ್ನು ಒಳಗೆ ಕೂರಿಸಿ ಕೆಳಗೆ ಮಲಗಿದೆ. ಬೆಲ್ ಕ್ರ್ಯಾಂಕ್ ಇದೆ, ಲಟಕ್ ಅಂತಲೂ ಅನ್ನುತ್ತದೆ! ಗ್ರೀಸ್ ನಿಪ್ಪಲ್ಲಿನ ಮೇಲೆ ಮಣ್ಣು ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಸ್ಕ್ರೂ ಡ್ರೈವರಿನಲ್ಲಿ ಕೆರೆದ ಮೇಲೆಯೇ ನಿಪ್ಪಲ್ ಇದೆ ಅಂತ ಗೊತ್ತಾದದ್ದು. ಎಡಗಡೆ ಟೈ ರಾಡ್ ಎಂಡಿನ ರಬ್ಬರ್ ಹರಿದು ಒಳಗೆ ಒಣ ತುಕ್ಕು. ಕಿಂಗ್ ಪಿನ್ ಪರವಾಗಿಲ್ಲ. ಶ್ಯಾಕಲ್ ಮೂಲದ್ದೇ.

ಬೆಲ್ ಕ್ರ್ಯಾಂಕ್ ಕಿಟ್, ಟೈ ರಾಡ್ ಎಂಡ್ ಎರಡೂ ಹುಬ್ಬಳ್ಳಿಯಿಂದ ತರಿಸಿ ಹಾಕಿಸಿದೆ. ರಿಮ್ ತೊಳೆದು ಬ್ಯಾಲೆನ್ಸಿಂಗ್ ಕೂಡ ಆಯಿತು. ಕಡಲು ಅವರು ಹೇಳಿದ ಮಣ್ಣು ಬಲಗಡೆ ಚಕ್ರದಲ್ಲಿ ಮುಷ್ಟಿ ತುಂಬ ಇತ್ತು.

ಈಗ ಡಾಂಬರಿನಲ್ಲಿ ಕುಣಿತ ಇಲ್ಲ. ಬೇಕಂತಲೇ ಅದೇ ಸೇತುವೆಯ ಜಾಯಿಂಟಿನ ಮೇಲೆ 50ರಲ್ಲಿ ಹೋಗಿ ನೋಡಿದೆ, ಒಂದು ಸಲ ಅದುರಿ ಸುಮ್ಮನಾಯಿತು. ತೋಟದ ದಾರಿಯ ಪೆಟ್ಟು ಮಾತ್ರ ಹಾಗೆಯೇ ಇದೆ. ಟೈರ್ ಹೊಸದು, ಬದಲಿಸುವ ಮನಸ್ಸಿಲ್ಲ. ಸ್ಟೆಬಿಲೈಜರ್ ಹಾಕಿಸುವುದೇ ಅಂತ ಮಾಡಿದ್ದೇನೆ. ಅಳತೆ ಹೇಗೆ ತೆಗೆಯುವುದು? ಗ್ಯಾಸಿನದ್ದು ಒಳ್ಳೆಯದು ಅಂತ ಅಂಗಡಿಯವರು ಹೇಳುತ್ತಾರೆ.

ಕಾಳಿ ದಡ:

ಕಾರವಾರದಿಂದ ಒಂದು ಮಾತು. ಕೊಳ್ಳುವಾಗ ರಾಡಿನ ಮೇಲೆ ರಬ್ಬರ್ ಬೂಟ್ ಇರುವುದನ್ನೇ ಕೊಳ್ಳಿ. ಇಲ್ಲಿ ಉಪ್ಪು ಗಾಳಿಗೆ ಕ್ರೋಮ್ ರಾಡಿನಲ್ಲಿ ಸೂಜಿ ಮೊನೆಯಷ್ಟು ತುಕ್ಕಿನ ಚುಕ್ಕೆ ಏಳುತ್ತದೆ. ಆ ಚುಕ್ಕೆ ಒಳಗೆ ಹೊರಗೆ ಓಡಾಡುತ್ತಾ ಸೀಲ್ ಕತ್ತರಿಸುತ್ತದೆ, ಎಣ್ಣೆ ಸೋರುತ್ತದೆ, ಕಥೆ ಮುಗಿಯಿತು. ನಿಮ್ಮ ಕಡೆ ಉಪ್ಪಿಲ್ಲ, ಆದರೆ ಕೆಸರು ಒಣಗಿ ಅರದ ಹಾಗೆಯೇ ಉಜ್ಜುತ್ತದೆ. ಬೂಟಿನ ಕೆಳಬದಿಗೆ ಸಣ್ಣ ತೂತು ಇರಲಿ, ನೀರು ನಿಲ್ಲಬಾರದು.

ಬೀಚಿಗೆ ಇಳಿಸುವ ಚಟ ಇದ್ದರೆ ಬಿಡಿ. ಇಳಿಸಿದರೂ ಅದೇ ದಿನ ಅಡಿಗೆ ಸಿಹಿನೀರು ಹೊಡೆಸಿ.

ಯಲ್ಲಾಪುರ ಪಾಟಾ:

ಕುಣಿತ ನಿಂತದ್ದು ಕೇಳಿ ಖುಷಿ ಆಯಿತು. ಹಾಗಾದರೆ ಸ್ಟೆಬಿಲೈಜರಿಗೆ ಈಗ ಅದರದ್ದೇ ಕೆಲಸ ಉಳಿದಿದೆ.

ಗ್ಯಾಸ್ ವಿಷಯ ಮೊದಲು. ಅಂಗಡಿಯಲ್ಲೇ ರಾಡನ್ನು ಪೂರ್ತಿ ಒಳಗೆ ಒತ್ತಿ ಕೈ ಬಿಡಿ. ತಾನಾಗಿ ಹೊರಗೆ ಬಂದರೆ ಗ್ಯಾಸ್ ತುಂಬಿದ್ದು. ಹೊರಗೆ ಬರುವ ಆ ಒತ್ತಡವೇ ನಿಮ್ಮ ಸ್ಟೇರಿಂಗನ್ನು ಸದಾ ಒಂದು ಕಡೆ ತಳ್ಳುತ್ತಿರುತ್ತದೆ. ಭಾರದ ಗಾಡಿಗೆ, ಪವರ್ ಸ್ಟೇರಿಂಗ್ ಇದ್ದವರಿಗೆ ಅಷ್ಟು ಗೊತ್ತಾಗಲಿಕ್ಕಿಲ್ಲ. ನಿಮ್ಮ ಜೀಪಿನಲ್ಲಿ ಕೈಗೆ ಗೊತ್ತಾಗುತ್ತದೆ. ಒತ್ತಿದಲ್ಲೇ ನಿಲ್ಲುವ ಬರೀ ಎಣ್ಣೆಯದು ತಗೊಳ್ಳಿ. ಎಲ್ಲಕ್ಕಿಂತ ಬಿಗಿ ಇರುವುದನ್ನೂ ಆರಿಸಬೇಡಿ. ಘಟ್ಟದ ತಿರುವಿನಲ್ಲಿ ಸ್ಟೇರಿಂಗ್ ವಾಪಸ್ ಬರುವುದು ನಿಧಾನ ಆಗುತ್ತದೆ, ದೇವಿಮನೆಯಲ್ಲಿ ಒಂದು ತಿರುವು ಮುಗಿಯುವಷ್ಟರಲ್ಲಿ ಇನ್ನೊಂದು ಬಂದಿರುತ್ತದೆ ಅಲ್ವಾ. ಡ್ಯಾಂಪರ್ ನಿಧಾನ ಚಲನೆಗೆ ಕಡಿಮೆ ತಡೆ ಕೊಡುತ್ತದೆ, ಗಕ್ಕನೆ ಬರುವ ಪೆಟ್ಟಿಗೆ ಜಾಸ್ತಿ. ಆದ್ದರಿಂದ ಹದದ್ದು ಹಾಕಿದರೆ ತೋಳಿಗೆ ಅಂಥ ವ್ಯತ್ಯಾಸ ಬರುವುದಿಲ್ಲ.

ಅಳತೆ ಹೀಗೆ. ಟೈ ರಾಡಿನಲ್ಲಿ, ಡ್ಯಾಂಪರಿನ ಒಂದು ತುದಿ ಹಿಡಿಯುವ ಕ್ಲ್ಯಾಂಪ್ ಕೂರುವ ಜಾಗಕ್ಕೆ ಬಿಳಿ ಟೇಪ್ ಸುತ್ತಿ. ಸ್ಟೇರಿಂಗ್ ಪೂರ್ತಿ ಎಡಕ್ಕೆ ತಿರುಗಿಸಿ, ಆಕ್ಸಲಿನ ಮೇಲಿನ ಒಂದು ಗುರುತಿನಿಂದ ಟೇಪಿಗೆ ಅಳೆಯಿರಿ. ಪೂರ್ತಿ ಬಲಕ್ಕೆ ತಿರುಗಿಸಿ ಮತ್ತೆ ಅಳೆಯಿರಿ. ಎರಡರ ವ್ಯತ್ಯಾಸವೇ ಓಟ. ಉದಾಹರಣೆಗೆ 17 ಸೆಂಟಿಮೀಟರ್ ಬಂತು ಅನ್ನಿ, ಡ್ಯಾಂಪರಿನ ಓಟ 20 ಆದರೂ ಇರಬೇಕು. ಚಕ್ರ ನೇರ ಇರುವಾಗ ಬಲಕ್ಕೂ ಎಡಕ್ಕೂ ಸಾಕಷ್ಟು ಉಳಿಯುವ ಹಾಗೆ ರಾಡ್ ನಡುಮಧ್ಯ ನಿಲ್ಲಬೇಕು. ಕೊನೆಯಲ್ಲಿ ಸ್ಟೇರಿಂಗನ್ನು ನಿಲ್ಲಿಸಬೇಕಾದದ್ದು ಸ್ಟೇರಿಂಗ್ ನಕಲ್ (ಚಕ್ರದ ಜೊತೆ ಎಡಬಲ ತಿರುಗುವ ತುಂಡು) ಮೇಲಿನ ಸ್ಟಾಪ್ ಬೋಲ್ಟ್, ಡ್ಯಾಂಪರ್ ಅಲ್ಲ. ಡ್ಯಾಂಪರೇ ಮೊದಲು ಕೊನೆ ಮುಟ್ಟಿದರೆ ತಿರುಗುವ ಜಾಗ ಕಡಿಮೆ ಆಗುತ್ತದೆ, ಒಂದು ದಿನ ಬ್ರಾಕೆಟ್ಟೇ ಕಿತ್ತು ಬರುತ್ತದೆ.

ಇನ್ನೊಂದು ತುದಿ ಆಕ್ಸಲ್ ಟ್ಯೂಬಿಗೆ. ಚಾಸಿಗೆ ಕಟ್ಟಬೇಡಿ. ಪಾಟಾ ಆಡಿದಾಗಲೆಲ್ಲ ಆಕ್ಸಲ್ ಮೇಲೆ ಕೆಳಗೆ ಹೋಗುತ್ತದೆ, ಡ್ಯಾಂಪರ್ ಸ್ಟೇರಿಂಗನ್ನು ಎಳೆಯುತ್ತದೆ. ಟೈ ರಾಡಿಗೆ ಆದಷ್ಟು ಸಮಾನಾಂತರ ಇರಲಿ. ಟೈ ರಾಡಿಗೆ ತೂತು ಕೊರೆಯುವುದು, ವೆಲ್ಡ್ ಮಾಡುವುದು ಯಾರೇ ಹೇಳಿದರೂ ಬೇಡವೇ ಬೇಡ. ಯು ಬೋಲ್ಟ್ ಕ್ಲ್ಯಾಂಪ್ ಸಾಕು. ನಿಮಗೆ ಬೆಲ್ ಕ್ರ್ಯಾಂಕ್ ಇರುವುದರಿಂದ ಎರಡು ಟೈ ರಾಡ್ ಇವೆ, ಉದ್ದ ಇರುವುದಕ್ಕೆ ಹಿಡಿಸಿದರೆ ಜಾಗ ಸಿಗುತ್ತದೆ. ಕ್ಲ್ಯಾಂಪ್ ಹಾಕುವ ಮೊದಲೇ ಟೋ-ಇನ್ (ಮುಂದಿನ ಚಕ್ರಗಳ ಮುಂಬದಿ ಒಳಕ್ಕೆ ಎಷ್ಟು ವಾಲಿದೆ ಅನ್ನುವುದು) ನೋಡಿಸಿಕೊಳ್ಳಿ. ಆಮೇಲೆ ಟೋ-ಇನ್ ಸರಿಮಾಡಲು ಟೈ ರಾಡ್ ತಿರುಗಿಸಿದರೆ ಕ್ಲ್ಯಾಂಪೂ ಜೊತೆಗೆ ತಿರುಗಿ ನೆಲದ ಕಡೆ ಬಾಗುತ್ತದೆ.

ಎಲ್ಲ ಆದ ಮೇಲೆ ಒಂದು ಪರೀಕ್ಷೆ. ಒಂದು ಚಕ್ರವನ್ನು ದಿಬ್ಬಕ್ಕೆ ಹತ್ತಿಸಿ ಪಾಟಾ ಪೂರ್ತಿ ಒತ್ತುವ ಹಾಗೆ ನಿಲ್ಲಿಸಿ, ಸ್ಟೇರಿಂಗ್ ಕೊನೆಯಿಂದ ಕೊನೆಗೆ ತಿರುಗಿಸಿ. ಡ್ಯಾಂಪರಿನ ಹೊಟ್ಟೆ ಪಾಟಾಕ್ಕೋ ಯು ಬೋಲ್ಟಿಗೋ ಡಿಫರೆನ್ಷಿಯಲ್ ಕವರಿಗೋ ತಾಗುತ್ತದಾ ನೋಡಿ. ಇನ್ನೊಂದು ಚಕ್ರಕ್ಕೂ ಹಾಗೆಯೇ ಮಾಡಿ. ಸಪಾಟು ನೆಲದಲ್ಲಿ ಎಲ್ಲ ಸರಿ ಕಾಣುತ್ತದೆ, ತಾಗುವುದು ತೋಟದಲ್ಲಿ.

ವಾನಳ್ಳಿ ಜೀಪು:

ಅಳೆದೆ. 16ಕ್ಕೆ ಸ್ವಲ್ಪ ಜಾಸ್ತಿ. 20ರ ಓಟದ್ದು, ಬೂಟ್ ಇರುವುದು, ಎಣ್ಣೆಯದು ಹೇಳಿ ಇಟ್ಟಿದ್ದೇನೆ. ಆಕ್ಸಲ್ ಬ್ರಾಕೆಟ್ ಇಲ್ಲೇ ಲೇತಿನಲ್ಲಿ ಮಾಡಿಸುತ್ತೇನೆ. ಎಷ್ಟು ದಪ್ಪದ ಪ್ಲೇಟ್ ಕೊಡಲಿ?

ಯಲ್ಲಾಪುರ ಪಾಟಾ:

6 ಮಿಲಿಮೀಟರ್ ಸಾಕು, ಮೂಲೆಗೆ ಒಂದು ತ್ರಿಕೋನ ಆಸರೆ ಕೊಡಿಸಿ. ಬೋಲ್ಟಿಗೆ ನೈಲಾನ್ ಲಾಕ್ ನಟ್. ರಬ್ಬರ್ ಬುಷ್ ಚಪ್ಪಟೆ ಆಗುವಷ್ಟು ಬಿಗಿ ಮಾಡಬೇಡಿ. ತೋಟದ ದಾರಿಯಲ್ಲಿ ಒಂದು ವಾರ ಓಡಿಸಿ ಎಲ್ಲ ನಟ್ಟಿಗೂ ಇನ್ನೊಮ್ಮೆ ಸ್ಪ್ಯಾನರ್ ಕೊಡಿ. ಕೆಳಗೆ ಮಲಗಿದಾಗ ಬೆಲ್ ಕ್ರ್ಯಾಂಕಿಗೂ ಎರಡು ಪಂಪು ಗ್ರೀಸ್.