ಪೂಲ್ ಮೇಜಿನ ‘ಸ್ಲೇಟು’: ಪಾಟಿಯೋ, ಫರಸಿಯೋ, ಹಾಸುಗಲ್ಲೋ?

ಪದಬಲ್ಲವರಿಗೆ ಪುಣೆಯಿಂದ ನಮಸ್ಕಾರ.

ನಮ್ಮ ಕನ್ನಡ ಬಳಗದ ಸುತ್ತೋಲೆಗೆ ತುರ್ತಾಗಿ ಒಂದು ಪದ ಬೇಕಾಗಿದೆ. ಹುಡುಗರ ಒತ್ತಾಯಕ್ಕೆ ಮಣಿದು ಬಳಗವು ಎಂಟು ಅಡಿಯ ಹಳೆಯ ಪೂಲ್ ಮೇಜೊಂದನ್ನು ಕೊಂಡಿದೆ; ಕೋಲಿನಿಂದ ಚೆಂಡು ಹೊಡೆದು ಕಿಸೆಗೆ ಬೀಳಿಸುವ, ಬಿಲಿಯರ್ಡ್ಸ್ ಜಾತಿಯ ಆಟದ ಮೇಜು ಅದು. ಬಟ್ಟೆ ಬಿಚ್ಚಿದಾಗ ಒಳಗಿನ ಕಲ್ಲು ಮೂಲೆಯ ಕಿಸೆಯಿಂದ ನಡುವಿನವರೆಗೂ ಸೀಳಿರುವುದು ಕಂಡಿತು. ಅದನ್ನು ಬದಲಾಯಿಸುವ ಖರ್ಚಿಗೆ ಸದಸ್ಯರ ಒಪ್ಪಿಗೆ ಬೇಕು. ಸುತ್ತೋಲೆ, ಠರಾವು, ಜಮಾಖರ್ಚು ಎಲ್ಲವೂ ಕನ್ನಡದಲ್ಲೇ ಇರಬೇಕೆಂಬುದು ಬಳಗದ ಹಳೆಯ ಪದ್ಧತಿ. ಕರಡಿನಲ್ಲಿ ‘ಪೂಲ್ ಸ್ಲೇಟು ಬದಲಾವಣೆ’ ಎಂದಿತ್ತು. ವಿಜಯಪುರದ ಕಡೆಯ ಹಿರಿಯ ಮಾಸ್ತರರು ಅದನ್ನು ಓದಿ, ‘ಮಕ್ಕಳ ಪಾಟಿಗೆ ಇಷ್ಟು ದುಡ್ಡೇ?’ ಎಂದು ಕೇಳಿದರು. ಇಲ್ಲಿಯೇ ಹುಟ್ಟಿ ಬೆಳೆದ ಇನ್ನೊಬ್ಬರಿಗೆ ಮರಾಠಿಯ ಪೂಲು, ಅಂದರೆ ಸೇತುವೆ, ನೆನಪಾಯಿತು. ಎರಡೂ ಪದಗಳು ಒಟ್ಟಿಗೇ ಕೈಕೊಟ್ಟವು.

ಮಾಸ್ತರರ ಮಾತನ್ನು ನಗೆಯಲ್ಲಿ ತೇಲಿಸಿಬಿಡುವಂತಿಲ್ಲ. ಮರದ ಚೌಕಟ್ಟಿನ ಹಳೆಯ ಶಾಲಾ ಪಾಟಿ ಇದೇ ಜಾತಿಯ ಕಲ್ಲಿನದು. ಜೇಡಿಯ ಪದರಗಳು ಭೂಮಿಯ ಒಳಗೆ ಒತ್ತಡಕ್ಕೂ ಕಾವಿಗೂ ಸಿಕ್ಕಿ ಮಾರ್ಪಟ್ಟು ಆದ ಕಲ್ಲು ಅದು. ಸರಿಯಾದ ದಿಕ್ಕಿನಲ್ಲಿ ಉಳಿ ಇಟ್ಟರೆ ಹಾಳೆ ಹಾಳೆಯಾಗಿ ಸೀಳುತ್ತದೆ. ಆಟದ ಮೇಜಿಗೆ ಅದು ಒಗ್ಗಿದ್ದೂ ಇದೇ ಗುಣದಿಂದ. ಮೊದಲು ಮೇಜಿನ ಹಾಸು ಮರದ್ದಾಗಿತ್ತು, ತೇವಕ್ಕೆ ಡೊಂಕಾಗುತ್ತಿತ್ತು. 1826ರ ಸುಮಾರಿಗೆ ಲಂಡನ್ನಿನ ಜಾನ್ ಥರ್ಸ್ಟನ್ ಕಲ್ಲಿನ ಹಾಸಿನ ಮೇಜುಗಳನ್ನು ಮಾಡತೊಡಗಿದ. ಪುಣೆಯ ಮಳೆಗಾಲವನ್ನು ಕಂಡವರಿಗೆ ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದ್ದರಿಂದ ‘ಪಾಟಿ’ ಅರ್ಥದ ದೃಷ್ಟಿಯಿಂದ ಸರಿ, ಬಳಕೆಯ ದೃಷ್ಟಿಯಿಂದ ಕಷ್ಟ. ಉತ್ತರ ಕರ್ನಾಟಕದಲ್ಲಿ ಶಾಲೆಯ ಚೀಲಕ್ಕೇ ‘ಪಾಟಿಚೀಲ’ ಎನ್ನುವಾಗ, ಒಂದು ಇಂಚು ದಪ್ಪದ, ಮೂರು ತುಂಡು ಸೇರಿ ಇನ್ನೂರು ಕಿಲೋ ಆಸುಪಾಸು ತೂಗುವ ಕಲ್ಲನ್ನು ಪಾಟಿ ಎಂದರೆ ಓದುವವರ ಕಣ್ಣ ಮುಂದೆ ಬೇರೆಯೇ ಚಿತ್ರ ಬರುತ್ತದೆ. ದಕ್ಷಿಣದವರ ‘ಹಲಗೆ’ಗೂ ಇದೇ ತೊಡಕು, ಜೊತೆಗೆ ಇನ್ನೊಂದು: ಅನೇಕ ಮೇಜುಗಳಲ್ಲಿ ಬಟ್ಟೆಗೆ ಪಿನ್ನು ಹೊಡೆಯಲೆಂದು ಕಲ್ಲಿನ ಅಡಿಗೆ ಮರದ ಹಲಗೆಯನ್ನು ಅಂಟಿಸಿರುತ್ತಾರೆ. ನಿಜವಾದ ಹಲಗೆ ಅಲ್ಲೇ ಇರುವಾಗ ಕಲ್ಲಿಗೆ ಆ ಹೆಸರು ಬೇಡ.

‘ಬಳಪದ ಕಲ್ಲು’ ಎಂಬ ಸಲಹೆಯೂ ಬಂತು. ಇದನ್ನು ಖಂಡಿತ ಒಪ್ಪಲಾರೆ. ಬಳಪದ ಕಲ್ಲು ಉಗುರಿಗೂ ಗೀರಾಗುವಷ್ಟು ಮೆತ್ತಗಿನದು; ಬೇಲೂರು ಹಳೇಬೀಡುಗಳ ಕುಸುರಿ ಕೆತ್ತನೆಯ ಜೊತೆ ನೆನೆಯುವ ಹೆಸರು ಅದು. ಹಲಗೆ, ಬಳಪ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ರೂಢಿಯಾಗಿದೆ ಎಂಬ ಒಂದೇ ಕಾರಣಕ್ಕೆ ಒಂದರ ಹೆಸರನ್ನು ಇನ್ನೊಂದಕ್ಕೆ ಹಚ್ಚುವುದು ಸಲ್ಲದು.

ಇನ್ನು ‘ಫರಸಿ’. ಕೆಲಸಕ್ಕೆ ಬಂದ ಫಿಟ್ಟರ್ ಬಾಯಲ್ಲಿ ಇದ್ದದ್ದು ಇದೇ. ಮುಂಬೈಯಲ್ಲಾಗಿದ್ದರೆ ‘ಲಾದಿ’ ಎನ್ನುತ್ತಿದ್ದರೇನೋ. ಧಾರವಾಡ, ಕಲಬುರಗಿಯವರಿಗೆ ಫರಸಿ ಹೊಸದಲ್ಲ; ಪುಣೆಯ ಹಳೆಯ ವಾಡೆ, ಚಾಳುಗಳ ನೆಲಕ್ಕೆ ಹಾಸಿದ ‘ಶಹಾಬಾದಿ ಫರಶಿ’ ನಮ್ಮ ಕಲಬುರಗಿ ಜಿಲ್ಲೆಯ ಶಹಾಬಾದಿನ ಕಲ್ಲೇ. ಆದರೆ ಅದು ಸುಣ್ಣದ ಕಲ್ಲು, ಸ್ಲೇಟಲ್ಲ. ಅಡುಗೆಮನೆಯ ಕಟ್ಟೆಗೆ ಹಾಕುವ ಕರಿಯ ‘ಕಡಪಾ’ ಕೂಡ ಸುಣ್ಣದ ಕಲ್ಲಿನ ಜಾತಿಯದೇ. ಇದು ಬರಿಯ ಪದದ ಹಟವಲ್ಲ. ಸುತ್ತೋಲೆಯಲ್ಲಿ ‘ಕರಿ ಫರಸಿ’ ಎಂದು ಬರೆದರೆ, ಕಾಳಜಿಯುಳ್ಳ ಯಾರಾದರೂ ಸದಸ್ಯರು ಕಲ್ಲಿನ ಅಂಗಡಿಗೆ ಹೋಗಿ ಅಗ್ಗದ ಕಡಪಾ ದರಪಟ್ಟಿಯನ್ನು ತಂದು ಸಭೆಯಲ್ಲಿ ಓದುವುದು ನಿಶ್ಚಿತ. ಅಂಥವರು ಪ್ರತಿ ಬಳಗದಲ್ಲೂ ಇರುತ್ತಾರೆ.

‘ಚಪ್ಪಡಿ’ ಎಂದರೆ ಚರಂಡಿಯ ಮೇಲಿನ ಒರಟು ಕಲ್ಲು ನೆನಪಾಗುತ್ತದೆ. ತಲೆಯ ಮೇಲೆ ಚಪ್ಪಡಿ ಎಳೆದುಕೊಳ್ಳುವುದು ಎಂಬ ಮಾತು ಬೇರೆ ಇದೆ. ಖಜಾಂಚಿಯವರಿಗೆ ಈ ಪದವೇ ಹಿಡಿಸೀತು.

ನನ್ನ ಒಲವು ‘ಹಾಸುಗಲ್ಲು’ ಕಡೆಗೆ. ಕಲ್ಲಿನ ಜಾತಿಯ ಹೆಸರು ಬೇರೆ, ಮೇಜಿನ ಅಂಗದ ಹೆಸರು ಬೇರೆ ಎಂದು ಇಟ್ಟುಕೊಂಡರೆ ಗೊಂದಲ ತೀರುತ್ತದೆ: ಕಲ್ಲಿಗೆ ‘ಸ್ಲೇಟುಕಲ್ಲು’, ಅಂಗಕ್ಕೆ ‘ಹಾಸುಗಲ್ಲು’. ಹಾಸುಗಲ್ಲೆಂದರೆ ದೇವಸ್ಥಾನದ ಅಂಗಳದಲ್ಲಿ ನಡೆದಾಡುವ ಕಲ್ಲು, ಆಟದ ಮೇಜಿಗೆ ಅದೇಕೆ ಎಂದು ಉಡುಪಿಯ ಸ್ನೇಹಿತರೊಬ್ಬರು ತಕರಾರು ತೆಗೆದಿದ್ದಾರೆ. ಹಾಸಿದ ಕಲ್ಲು ಎಂಬುದಷ್ಟೇ ಅದರ ಅರ್ಥ. ಅದರಲ್ಲಿ ನಡೆದಾಡುವ ಕಾಲು ಎಲ್ಲಿಂದ ಬಂತು ಎಂದು ನಾನು ಕೇಳಿದ್ದೇನೆ. ಅದರ ಮೇಲಿನ ಉಣ್ಣೆಯ ಬಟ್ಟೆಗೆ ಮಾತ್ರ ಯಾವ ಹೊಸ ಪದವೂ ಬೇಡ. ‘ಬನಾತು’ ಕನ್ನಡದಲ್ಲಿ ಮೊದಲಿನಿಂದಲೂ ಇದೆ, ಕೋಟಿನ ಜೊತೆಗೇ ಕಪಾಟು ಸೇರಿಬಿಟ್ಟಿದೆ ಅಷ್ಟೆ.

ಪತ್ರಿಕೆಗಳಲ್ಲಿ ಹುಡುಕಿ ಪ್ರಯೋಜನವಾಗಲಿಲ್ಲ. ಪುಣೆಯಲ್ಲೇ ಹುಟ್ಟಿದ ವಿಲ್ಸನ್ ಜೋನ್ಸ್ 1958ರಲ್ಲಿ ವಿಶ್ವ ಹವ್ಯಾಸಿ ಬಿಲಿಯರ್ಡ್ಸ್ ಗೆದ್ದರು. ಪುಣೆಯಲ್ಲಿ ಹುಟ್ಟಿ ಬೆಂಗಳೂರಿನವರೇ ಆದ ಪಂಕಜ್ ಅಡ್ವಾಣಿಯವರ ಗೆಲುವುಗಳನ್ನು ಕನ್ನಡದ ಕ್ರೀಡಾಪುಟಗಳು ಬೇಕಾದಷ್ಟು ಬರೆದಿವೆ. ಕ್ಯೂ, ಬ್ರೇಕ್, ಫ್ರೇಮ್ ಎಲ್ಲವೂ ಸಿಗುತ್ತವೆ. ಬಟ್ಟೆಯ ಅಡಿಯ ಕಲ್ಲಿನ ಗೋಜಿಗೆ ವರದಿಗಾರರು ಯಾಕೆ ಹೋಗುತ್ತಾರೆ?

ಈಗ ಕ್ರಿಯಾಪದಗಳ ವಿಚಾರ. ‘ಅಳವಡಿಸು’ ಎಂದು ಬರೆದರೆ ಸರಕಾರಿ ಟೆಂಡರಿನ ವಾಸನೆ. ಬೀಸುವ ಕಲ್ಲಿನಿಂದ ಉಂಗುರದ ಹರಳಿನವರೆಗೆ ಕನ್ನಡಿಗರು ಕಲ್ಲನ್ನು ‘ಕೂರಿಸು’ತ್ತಾರೆ, ಇಲ್ಲಿಯೂ ಅದೇ ಸಾಕು. ಚೌಕಟ್ಟಿನ ಮೇಲೆ ಕೂರಿಸಿ, ರಸಮಟ್ಟ ಇಟ್ಟು ನೋಡಿ, ಅಡಿಗೆ ತೆಳುವಾದ ಬೆಣೆ ಕೊಟ್ಟು, ತಿರುಪು ಬಿಗಿದು, ಸಂದುಗಳಿಗೆ ಜೇನುಮೇಣ ಕರಗಿಸಿ ತುಂಬಿ ಹೆರೆಯುತ್ತಾರೆ. ಇಷ್ಟೂ ನಮ್ಮ ಬಡಗಿ, ಗೌಂಡಿಗಳ ಮಾತಿನಲ್ಲೇ ಆಗುತ್ತದೆ. ಒಂದು ಎಚ್ಚರಿಕೆ: ಕರಡಿನ ಕೊನೆಯಲ್ಲಿ ಯಾರೋ ‘ಮೇಜನ್ನು ಮಟ್ಟ ಹಾಕಲಾಗುವುದು’ ಎಂದು ಸೇರಿಸಿದ್ದರು. ಮಟ್ಟ ಹಾಕುವುದು ದಂಗೆಕೋರರನ್ನು. ಮೇಜನ್ನು ‘ಮಟ್ಟ ಮಾಡು’ವುದು ಅಥವಾ ‘ಮಟ್ಟಸಗೊಳಿಸು’ವುದು.

ನನಗೆ ಹೊಳೆಯದೇ ಉಳಿದಿರುವುದು ಇನ್ನೊಂದಿದೆ. ಸೀಳಿರುವುದು ಒಂದೇ ತುಂಡು, ಆದರೆ ಮೂರನ್ನೂ ಬದಲಾಯಿಸಬೇಕಾಗಿದೆ. ಏಕೆಂದರೆ ಮೂರನ್ನೂ ಒಂದೇ ದಪ್ಪಕ್ಕೆ ಬರುವಂತೆ ಜೊತೆಗಿಟ್ಟು ಉಜ್ಜಿರುತ್ತಾರೆ. ಮೇಜಿನ ಅಂಚಿನ ಕುಶನ್ನಿನ ಬೋಲ್ಟುಗಳು ಹಾಯುವ ತೂತುಗಳೂ ಅದೇ ಲೆಕ್ಕಕ್ಕೆ ಕೊರೆದವು. ಬೇರೆ ಮೇಜಿನ ತುಂಡು ತಂದರೆ ಕೂದಲೆಳೆಯಷ್ಟು ಏರುಪೇರಾದರೂ ಚೆಂಡು ಸಂದಿನಲ್ಲಿ ದಾರಿ ತಪ್ಪುತ್ತದೆ. ಹೀಗೆ ಒಂದಕ್ಕೊಂದು ಹೊಂದಿಸಿ ಮಾಡಿದ, ಬಿಡಿಯಾಗಿ ಬದಲಾಯಿಸಲಾಗದ ತುಂಡುಗಳ ಗುಂಪಿಗೆ ಏನೆನ್ನೋಣ? ‘ಜೋಡಿ’ ಎರಡಕ್ಕೇ ಮುಗಿಯುತ್ತದೆ. ‘ಸೆಟ್’ ಎಂದರೆ ಬಿಡಿಯಾಗಿಯೂ ಕೊಳ್ಳಬಹುದೆಂಬ ಭಾವನೆ ಬರುತ್ತದೆ, ಮತ್ತು ಸಭೆಯಲ್ಲಿ ಜಗಳವಾಗುವುದು ಇಲ್ಲಿಯೇ. ಶಹಾಬಾದ್, ಸೇಡಂ ಕಡೆಯ ಗಣಿಗಳಲ್ಲಿ ಒಂದೇ ಪದರದಿಂದ ಎಬ್ಬಿಸಿದ ಕಲ್ಲುಗಳಿಗೆ ಕೆಲಸಗಾರರ ಬಾಯಲ್ಲಿ ಪ್ರತ್ಯೇಕ ಹೆಸರಿದ್ದರೆ, ಆ ಕಡೆಯವರು ದಯವಿಟ್ಟು ತಿಳಿಸಬೇಕು. ಸುತ್ತೋಲೆ ಶುಕ್ರವಾರ ಅಚ್ಚಿಗೆ ಹೋಗುತ್ತದೆ.