ಎಲೆಕ್ಟ್ರಿಕ್ಕೋ ಹೈಬ್ರಿಡ್ಡೋ: ಬ್ರಿಟನ್ನಿನ ಕಂಪನಿ ಕಾರಿನ ತೆರಿಗೆ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ: ಮೇಡಂ, ನಮಸ್ಕಾರ. ಇಲ್ಲಿ ಬ್ರಿಟನ್ನಿನಲ್ಲಿ ನಮ್ಮ ಆಫೀಸಿನವರು ಸ್ಯಾಲರಿ ಸ್ಯಾಕ್ರಿಫೈಸ್‌ನಲ್ಲಿ, ಅಂದ್ರೆ ಸಂಬಳದ ಒಂದು ಭಾಗ ಬಿಟ್ಟುಕೊಟ್ಟರೆ ಅದರ ಬದಲಿಗೆ, ಕಾರು ಕೊಡ್ತಿದ್ದಾರೆ. 2026ರ ಏಪ್ರಿಲ್‌ನಿಂದ ನಾಲ್ಕು ವರ್ಷದ ಲೀಸ್. ನಾನು 40% ತೆರಿಗೆ ಕಟ್ಟುವವನು. ಎರಡು ಕಾರು ನೋಡಿಟ್ಟಿದ್ದೇನೆ, ಎರಡರ ಬೆಲೆಯೂ ಸುಮಾರು 40,000 ಪೌಂಡ್. ಒಂದು ಪೂರ್ತಿ ಎಲೆಕ್ಟ್ರಿಕ್. ಇನ್ನೊಂದು ಪ್ಲಗ್-ಇನ್ ಹೈಬ್ರಿಡ್ (ಚಾರ್ಜ್ ಮಾಡುವ ಬ್ಯಾಟರಿಯೂ ಪೆಟ್ರೋಲ್ ಎಂಜಿನ್ನೂ ಇರೋದು), ಚಾರ್ಜ್ ಮೇಲೆ 75 ಮೈಲಿ ಓಡುತ್ತೆ, ಹೊಗೆಯಲ್ಲಿ ಕಾರ್ಬನ್ ಡೈಆಕ್ಸೈಡ್ ಕಿಲೋಮೀಟರಿಗೆ 50 ಗ್ರಾಂ ಒಳಗೇ. ತೆರಿಗೆ ಲೆಕ್ಕಕ್ಕೆ ಒಂದಕ್ಕೆ 4%, ಇನ್ನೊಂದಕ್ಕೆ 7% ಅಂತಾರೆ. ಮೂರೇ ಪರ್ಸೆಂಟ್ ವ್ಯತ್ಯಾಸ ಆದ್ರೆ ಹೈಬ್ರಿಡ್ಡೇ ಇರಲಿ ಅಂತ ಮನಸ್ಸು. ದೂರ ಹೋಗುವಾಗ ಚಾರ್ಜರ್ ಹುಡುಕುವ ತಾಪತ್ರಯ ಇರಲ್ಲ. ಸರಿಯಾ?

ಉತ್ತರ: ಸಹಿ ಹಾಕುವ ಮುಂಚೆ ಕೇಳಿದ್ದು ಒಳ್ಳೇದಾಯ್ತು. ನೀವು ನೋಡ್ತಿರೋದು ಮೊದಲ ವರ್ಷದ ದರ ಮಾತ್ರ. ಲೀಸ್ ಇರೋದು ನಾಲ್ಕು ವರ್ಷಕ್ಕೆ.

ಲೆಕ್ಕದ ಕ್ರಮ ಇಷ್ಟು: ಕಾರಿನ ಪಟ್ಟಿ ಬೆಲೆಗೆ ಆ ವರ್ಷದ ಪರ್ಸೆಂಟ್ ಹಾಕಿದರೆ ನಿಮಗೆ ಸಿಕ್ಕ ಸೌಲಭ್ಯದ ಮೌಲ್ಯ ಬರುತ್ತೆ. ಅದರ ಮೇಲೆ ನಿಮ್ಮ ದರದಲ್ಲಿ ತೆರಿಗೆ. ಎಲೆಕ್ಟ್ರಿಕ್ ಕಾರಿಗೆ 2026-27ರಲ್ಲಿ 4%, ಆಮೇಲೆ 5%, 7%, 2029-30ರಲ್ಲಿ 9%. ನಿಮ್ಮ ಕಾರಿಗೆ ಇದು ವರ್ಷಕ್ಕೆ 640, 800, 1,120, 1,440 ಪೌಂಡ್. ನಾಲ್ಕೂ ವರ್ಷಕ್ಕೆ ಸೇರಿ 4,000.

ಈಗ ಹೈಬ್ರಿಡ್. 50 ಗ್ರಾಂ ಒಳಗಿನ ಹೈಬ್ರಿಡ್‌ಗೆ ಬ್ಯಾಟರಿಯಲ್ಲಿ ಎಷ್ಟು ಮೈಲಿ ಓಡುತ್ತೆ ಅನ್ನೋದರ ಮೇಲೆ ದರ. 70ರಿಂದ 129 ಮೈಲಿ ಇದ್ದರೆ 2026-27ಕ್ಕೆ 7%, ಮರುವರ್ಷ 8%. ಆದರೆ 2028ರ ಏಪ್ರಿಲ್‌ನಿಂದ ಈ ಮೈಲಿ ಲೆಕ್ಕವನ್ನೇ ಎತ್ತಿಬಿಡ್ತಾರೆ. ಒಂದು ಗ್ರಾಂನಿಂದ 50 ಗ್ರಾಂವರೆಗಿನ ಕಾರುಗಳಿಗೆಲ್ಲ ಒಂದೇ 18%, ಅದರ ಮುಂದಿನ ವರ್ಷ 19%. ಅಂದರೆ ನಿಮ್ಮ ಮೂರನೇ ವರ್ಷದಲ್ಲಿ 8ರಿಂದ ನೇರ 18ಕ್ಕೆ ಜಿಗಿತ. ಕಟ್ಟುವ ತೆರಿಗೆ 1,120, 1,280, ಆಮೇಲೆ 2,880, 3,040. ಒಟ್ಟು 8,320 ಪೌಂಡ್, ಎಲೆಕ್ಟ್ರಿಕ್ಕಿನ ಎರಡು ಪಟ್ಟಿಗೂ ಹೆಚ್ಚು. ಆ ಹೊತ್ತಿಗೆ ಕಾರು ವಾಪಸ್ ಕೊಡ್ತೀನಿ ಅಂದ್ರೆ ಲೀಸ್ ಮುರಿದ ದಂಡ ಬೇರೆ.

ಚಾರ್ಜರ್ ಹುಡುಕುವ ಕಷ್ಟ ನಿಜವೇ, ಅದನ್ನ ನಾನು ಹಗುರ ಮಾಡಲ್ಲ. ಆದರೆ ಆ ನೆಮ್ಮದಿಗೆ 4,320 ಪೌಂಡ್ ಕೊಡ್ತಿದ್ದೀರಿ ಅನ್ನೋದು ಗೊತ್ತಿದ್ದು ಕೊಡಿ.

ಪ್ರಶ್ನೆ: ಅಬ್ಬಾ, 18% ಅಂತ ಡೀಲರ್ ಬಾಯೇ ಬಿಡಲಿಲ್ಲ ಮೇಡಂ. ಅವರು 3,000 ಪೌಂಡ್ ಡಿಸ್ಕೌಂಟ್ ಕೊಡ್ತಾರಂತೆ, ಅದಕ್ಕಾದ್ರೂ ತೆರಿಗೆ ಇಳಿಯುತ್ತಾ? ಮತ್ತೆ ಆಫೀಸಿನವರು ಪೆಟ್ರೋಲ್ ಕಾರ್ಡೂ ಕೊಡ್ತಾರೆ.

ಉತ್ತರ: ಡಿಸ್ಕೌಂಟ್‌ನಿಂದ ಲೀಸ್ ಕಂತು ಇಳಿಯಬಹುದು, ತೆರಿಗೆ ಇಳಿಯಲ್ಲ. ಲೆಕ್ಕ ಹಿಡಿಯೋದು ಪ್ರಕಟಿತ ಪಟ್ಟಿ ಬೆಲೆ: ವ್ಯಾಟ್, ಡೆಲಿವರಿ, ನೀವು ಸೇರಿಸಿಕೊಂಡ ಎಕ್ಸ್‌ಟ್ರಾ ಫಿಟ್ಟಿಂಗ್ ಎಲ್ಲ ಸೇರಿ. ಸನ್‌ರೂಫ್ ಬೇಕು ಅಂದ್ರೆ ಅದಕ್ಕೂ ಪ್ರತಿ ವರ್ಷ ತೆರಿಗೆ.

ಪೆಟ್ರೋಲ್ ಕಾರ್ಡ್ ವಿಷಯದಲ್ಲಿ ದಯವಿಟ್ಟು ಹುಷಾರು. ಸ್ವಂತ ಓಡಾಟಕ್ಕೆ ಕಂಪನಿ ಪೆಟ್ರೋಲ್ ಹಾಕಿಸಿದರೆ ಅದಕ್ಕೇ ಇನ್ನೊಂದು ತೆರಿಗೆ ಇದೆ. ಅಲ್ಲಿ ಕಾರಿನ ಬೆಲೆ ಅಲ್ಲ, ಸರ್ಕಾರ ನಿಗದಿ ಮಾಡಿದ ಒಂದು ಮೊತ್ತಕ್ಕೆ ಅದೇ ಪರ್ಸೆಂಟ್ ಹಾಕ್ತಾರೆ. 2025-26ರಲ್ಲಿ ಆ ಮೊತ್ತ 28,200 ಪೌಂಡ್. ಅದೇ ಮೊತ್ತದ ಮೇಲೆ 18% ಹಾಕಿ ನೋಡಿದರೂ ನಿಮಗೆ ವರ್ಷಕ್ಕೆ 2,030 ಪೌಂಡ್ ತೆರಿಗೆ. ಸ್ವಂತಕ್ಕೆ ಹಾಕಿಸಿದ್ದು ಹತ್ತು ಲೀಟರೇ ಇರಲಿ, ಸಾವಿರ ಲೀಟರೇ ಇರಲಿ, ಅಷ್ಟೇ ಬೀಳುತ್ತೆ. ಮನೆಯಿಂದ ಆಫೀಸಿಗೆ ಹೋಗಿ ಬರೋದೂ ಸ್ವಂತ ಓಡಾಟದ ಲೆಕ್ಕಕ್ಕೇ ಸೇರುತ್ತೆ. ನಿಮ್ಮ ಬಳಕೆಗೆ ಇಡೀ ವರ್ಷ ಅಷ್ಟು ದುಡ್ಡಿನ ಪೆಟ್ರೋಲೇ ಬೇಕಾಗದೇ ಇರಬಹುದು. ಕಾರ್ಡ್ ಬೇಡ ಅನ್ನಿ, ಇಲ್ಲವೇ ಸ್ವಂತ ಓಡಾಟದ ಪೆಟ್ರೋಲ್ ದುಡ್ಡನ್ನು ಪೂರ್ತಿ ವಾಪಸ್ ಕಟ್ಟಿ, ಮೈಲಿ ಲೆಕ್ಕ ಬರೆದಿಡಿ.

ವಿದ್ಯುತ್ತಿಗೆ ಈ ಕಾಟ ಇಲ್ಲ. ತೆರಿಗೆ ಕಾನೂನಿನಲ್ಲಿ ಅದು ಇಂಧನವೇ ಅಲ್ಲ. ಕಂಪನಿ ಕಾರಿಗಾಗಿ ಮನೆಯಲ್ಲಿ ಚಾರ್ಜರ್ ಹಾಕಿಸಿಕೊಟ್ಟರೂ ತೆರಿಗೆ ಇಲ್ಲ.

ಇನ್ನೊಬ್ಬರ ಪ್ರಶ್ನೆ: ಮಧ್ಯೆ ಬಾಯಿ ಹಾಕ್ತಿದ್ದೀನಿ ಮೇಡಂ, ಕ್ಷಮಿಸಿ. ನನ್ನ ಸಂಬಳ 1,04,000 ಪೌಂಡ್. ಎಲೆಕ್ಟ್ರಿಕ್ ಕಾರಿಗೆ ವರ್ಷಕ್ಕೆ 5,000 ಬಿಟ್ಟುಕೊಟ್ಟರೆ 99,000ಕ್ಕೆ ಇಳಿದು ಮಗುವಿನ ಉಚಿತ ನರ್ಸರಿ ಗಂಟೆಗಳು ಉಳಿಯುತ್ತವೆ ಅಂತ ಸ್ನೇಹಿತರು ಹೇಳಿದರು. ಕಾರು 45,000ದ್ದು.

ಉತ್ತರ: ನಿಮ್ಮ ಸ್ನೇಹಿತರು ಅರ್ಧ ಸರಿ. ಸಂಬಳ ಇಳಿಯುತ್ತೆ, ಆದರೆ ಕಾರಿನ ಸೌಲಭ್ಯದ ಮೌಲ್ಯ ಆದಾಯಕ್ಕೆ ವಾಪಸ್ ಸೇರಿಕೊಳ್ಳುತ್ತೆ. 45,000ಕ್ಕೆ 4% ಅಂದ್ರೆ 1,800. ಅಲ್ಲಿಗೆ 1,00,800 ಆಯ್ತು, ಉಚಿತ ಗಂಟೆಗಳಿಗಿರುವ 1,00,000 ಪೌಂಡ್ ಆದಾಯದ ಮಿತಿ ದಾಟಿದಿರಿ. ಮಿತಿಯನ್ನು ಒಂದು ಪೌಂಡ್ ದಾಟಿದರೂ ಆ ಗಂಟೆಗಳು ಕೈಬಿಡುತ್ತವೆ, ಸ್ವಲ್ಪ ಸ್ವಲ್ಪವಾಗಿ ಅಲ್ಲ. ಹೀಗೆ ಅಂಚಿನಲ್ಲಿ ಎಡವಿದವರನ್ನ ನೋಡಿದಾಗ ನನಗೆ ನಿಜಕ್ಕೂ ಸಂಕಟ ಆಗುತ್ತೆ. ಪೆನ್ಷನ್ನಿಗೆ ವರ್ಷಕ್ಕೆ ಇನ್ನೊಂದೆರಡು ಸಾವಿರ ಜಾಸ್ತಿ ಹಾಕಿ. ದರ ಏರಿದ ಹಾಗೆ ಪ್ರತಿ ಏಪ್ರಿಲ್‌ನಲ್ಲಿ ಈ ಲೆಕ್ಕ ಹೊಸದಾಗಿ ಮಾಡಬೇಕು, ಮರೀಬೇಡಿ.

ಇನ್ನೊಬ್ಬರ ಪ್ರಶ್ನೆ: ಅಕ್ಕಾ, ಮುಂದಿನ ವರ್ಷ ಮಗು ಮಾಡಿಕೊಳ್ಳೋ ಯೋಚನೆ ಇದೆ. ಈಗ ಈ ಸ್ಕೀಮ್‌ಗೆ ಸೇರಬಹುದಾ?

ಉತ್ತರ: ಮೊದಲು ಸ್ಕೀಮಿನ ಕಾಗದ ಪೂರ್ತಿ ಓದಮ್ಮ. ಹೆರಿಗೆ ರಜೆಯ ಶಾಸನಬದ್ಧ ಭತ್ಯೆಯಲ್ಲಿ ಮೊದಲ ಆರು ವಾರ ನಿನ್ನ ಸರಾಸರಿ ಗಳಿಕೆಯ 90% ಸಿಗುತ್ತೆ. ಆ ಸರಾಸರಿ ಲೆಕ್ಕ ಹಾಕೋದು ಬಿಟ್ಟುಕೊಟ್ಟು ಉಳಿದ ಸಂಬಳದ ಮೇಲೆ. ಕಾರಿಗೆ ತಿಂಗಳಿಗೆ 500 ಹೋಗ್ತಿದ್ರೆ ಭತ್ಯೆಯೂ ಅಷ್ಟರ ಮಟ್ಟಿಗೆ ಇಳಿಯುತ್ತೆ. ರಜೆಯ ಸಮಯದಲ್ಲಿ ಕಂತು ಯಾರು ಕಟ್ಟೋದು, ಕಾರು ವಾಪಸ್ ಕೊಟ್ಟರೆ ದಂಡ ಇದೆಯಾ ಅನ್ನೋದನ್ನ ಎಚ್‌ಆರ್‌ನವರಿಂದ ಬರಹದಲ್ಲೇ ತಗೋ. ಮನೆ ಸಾಲಕ್ಕೂ ಅರ್ಜಿ ಹಾಕೋದಿದ್ರೆ ಬ್ಯಾಂಕಿನವರು ಇಳಿದ ಸಂಬಳವನ್ನೇ ನೋಡಬಹುದು.

ಇನ್ನೊಬ್ಬರ ಪ್ರಶ್ನೆ: ಮೇಡಂ, ನನ್ನದೇ ಸಣ್ಣ ಲಿಮಿಟೆಡ್ ಕಂಪನಿ. ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಕಾರು ಅಗ್ಗಕ್ಕೆ ಸಿಗ್ತಿದೆ, ಕಂಪನಿ ಹೆಸರಲ್ಲಿ ತಗೊಳ್ಳಲಾ?

ಉತ್ತರ: ತಗೋಬಹುದು. ಆದರೆ ಹಳೇ ಕಾರಾದರೂ ನಿಮ್ಮ ತೆರಿಗೆಗೆ ಹಿಡಿಯೋದು ಅದು ಹೊಸದಿದ್ದಾಗಿನ ಪಟ್ಟಿ ಬೆಲೆ. ನೀವು 18,000ಕ್ಕೆ ಕೊಂಡರೂ ಹೊಸದಾಗಿದ್ದಾಗ 50,000 ಇದ್ದರೆ ಲೆಕ್ಕ 50,000ಕ್ಕೆ. ಅದೇ ಮೌಲ್ಯದ ಮೇಲೆ ಕಂಪನಿ 15% ನ್ಯಾಷನಲ್ ಇನ್ಶೂರೆನ್ಸ್ (ಸರ್ಕಾರದ ಸಾಮಾಜಿಕ ಭದ್ರತೆಯ ವಂತಿಗೆ) ಬೇರೆ ಕಟ್ಟಬೇಕು. ಹೊಸ ಎಲೆಕ್ಟ್ರಿಕ್ ಕಾರಿನ ಪೂರ್ತಿ ಬೆಲೆಯನ್ನು ಮೊದಲ ವರ್ಷವೇ ಕಂಪನಿ ಲಾಭದಲ್ಲಿ ಕಳೆಯುವ ರಿಯಾಯಿತಿ ಬಳಸಿದ ಕಾರಿಗೆ ಸಿಗಲ್ಲ. ಪಟ್ಟಿ ಬೆಲೆ ಎಷ್ಟಿತ್ತು ಅಂತ ಮೊದಲು ತಿಳ್ಕೊಳ್ಳಿ, ಆ ಅಂಕಿ ಇಲ್ಲಿ ಹಾಕಿ, ಒಟ್ಟಿಗೆ ಲೆಕ್ಕ ಮಾಡೋಣ.